ಸತ್ತರೂ ಬದುಕಿರುವ ಕಾರ್ಡು

ಸರ್ಕಾರಿ ಕಾರ್ಡೊಂದು ಅವಧಿ ತೀರಿ ಸತ್ತ ಮೇಲೂ ಬದುಕಿರುವುದು ಹೇಗೆಂದು ನೋಡಬೇಕಿದ್ದರೆ ಜರ್ಮನಿಯಲ್ಲಿರುವ ಉಕ್ರೇನಿಗರ ಪರ್ಸು ತೆಗೆಸಿ ನೋಡಿ. ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗೆ ಕೊಟ್ಟ ತಾತ್ಕಾಲಿಕ ರಕ್ಷಣೆಯ ವಾಸದ ಕಾರ್ಡಿನ ಮೇಲೆ 2024 ಮಾರ್ಚ್ 4 ಎಂದು ಕೊನೆಯ ದಿನಾಂಕ ಅಚ್ಚಾಗಿರುತ್ತದೆ. ಆದರೆ ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದರೆ ಸಾಕು, ಒಂದು ಆದೇಶದಿಂದ ಅದು 2025ರ ಮಾರ್ಚ್ 4ರವರೆಗೆ ತಾನಾಗಿ ಮುಂದುವರಿಯಿತು. ಇನ್ನೊಂದು ಆದೇಶ ಬಂತು, 2026ರ ಮಾರ್ಚ್ 4 ಆಯಿತು. ಕಾರ್ಡು ಮಾತ್ರ ಹಳೆಯದೇ. ಐರೋಪ್ಯ ಒಕ್ಕೂಟವಂತೂ ರಕ್ಷಣೆಯನ್ನು 2027ರ ಮಾರ್ಚ್ 4ರವರೆಗೆ ಎಳೆದು ಕೂತಿದೆ.

ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸದ ಈ ಜಾಣತನಕ್ಕೆ ಶಭಾಷ್ ಎನ್ನಲೇಬೇಕು. ಒಂದೇ ಕೊರತೆ, ಆದೇಶ ಓದಿದವರು ಅದನ್ನು ಬರೆದವರು ಮಾತ್ರ. ಬ್ಯಾಂಕಿನವರಿಗೆ ಗೊತ್ತಿಲ್ಲ, ಬಾಡಿಗೆ ಮನೆಯ ಮಾಲೀಕರಿಗೆ ಗೊತ್ತಿಲ್ಲ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ದೇಶಗಳ ಆಚೆಯ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವರಿಗೆ ಮೊದಲೇ ಗೊತ್ತಿಲ್ಲ. ಹಾಗಾಗಿ ರಾಜಪತ್ರದ ಆ ಪುಟವನ್ನು ಮುದ್ರಿಸಿ, ಜತೆಗೊಂದು ಇಂಗ್ಲಿಷ್ ಅನುವಾದ ಲಗತ್ತಿಸಿ, ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಳ್ಳಿ. ಇತ್ತ ಹೊಸ ಕಾರ್ಡಿನ ಭಾವಚಿತ್ರದ ವಿಷಯದಲ್ಲಿ ಎಂಥ ಕಟ್ಟುನಿಟ್ಟು! 2025ರ ಮೇ 1ರಿಂದ ಕಾಗದದ ಫೋಟೊ ನಡೆಯುವುದಿಲ್ಲ. ಕಚೇರಿಯಲ್ಲೇ ತೆಗೆಸಬೇಕು, ಇಲ್ಲವೇ ಮಾನ್ಯತೆ ಇರುವ ಸ್ಟುಡಿಯೊದಿಂದ ನೇರ ಕಚೇರಿಗೇ ಡಿಜಿಟಲ್ಲಾಗಿ ಹೋಗಬೇಕು. ಮುಖ ಒಂದಿಷ್ಟೂ ಹೆಚ್ಚುಕಮ್ಮಿ ಆಗಕೂಡದು. ದಿನಾಂಕ ಎರಡು ವರ್ಷ ಹೆಚ್ಚುಕಮ್ಮಿ ಆದರೆ ಅಡ್ಡಿಯಿಲ್ಲ.

ಹೊಸಬರ ದಾರಿ ಕಾಗದದ ಮೇಲೆ ನೇರ. ಬಯೊಮೆಟ್ರಿಕ್ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಡ, 90 ದಿನ ಇರಬಹುದು. ಅಷ್ಟರೊಳಗೆ ಜರ್ಮನಿಯ ವಾಸ ಕಾನೂನಿನ 24ನೇ ಸೆಕ್ಷನ್ನಿನಡಿ ಇದೇ ತಾತ್ಕಾಲಿಕ ರಕ್ಷಣೆಯ ವಾಸದ ಪರವಾನಗಿಗೆ ಅರ್ಜಿ. ಕೈಗೆ ಬಂದ ಮೇಲೆ ಕೆಲಸ ಮಾಡಲು ತಡೆಯಿಲ್ಲ. ಹೊಸ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಬಾಡಿಗೆ ಕರಾರು ಸಾಲದು. ಇವರು ನಿಜಕ್ಕೂ ಬಂದು ಸೇರಿದ್ದಾರೆ ಎಂದು ಮನೆ ಕೊಟ್ಟವರೇ ಸಹಿ ಹಾಕಿದ ಪ್ರತ್ಯೇಕ ಫಾರಂ ಬೇಕು. ಒಳಬಾಡಿಗೆಗೆ ಕೊಟ್ಟವರು ಮಾಲೀಕರಿಗೆ ಹೆದರಿ ಸಹಿ ಹಾಕುವುದಿಲ್ಲ. ಸಹಿ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬೇರೆ ಕಾಗದಗಳು ಸರಾಗವಾಗಿ ಹುಟ್ಟುವುದಿಲ್ಲ, ಕಾಗದವಿಲ್ಲದವರಿಗೆ ಮನೆ ಯಾರು ಕೊಡುತ್ತಾರೆ? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಇದೆಲ್ಲ ದಾಟಿದವರು ಲೆಟರ್‌ಬಾಕ್ಸಿನ ಮೇಲೆ ತಮ್ಮ ಹೆಸರು ಅಂಟಿಸುವುದನ್ನು ಮರೆಯುತ್ತಾರೆ. ಅಲ್ಲಿ ಅಂಚೆಯವರು ಫ್ಲ್ಯಾಟ್ ನಂಬರ್ ನೋಡುವುದಿಲ್ಲ, ಹೆಸರು ನೋಡುತ್ತಾರೆ. ಹೆಸರಿಲ್ಲದಿದ್ದರೆ ಕಚೇರಿಯ ಪತ್ರ ಬಂದ ದಾರಿಯಲ್ಲೇ ವಾಪಸ್.

ಯಾವ ಊರಲ್ಲಿ ಇರಬೇಕೆಂಬುದೂ ಎಲ್ಲರ ಕೈಯಲ್ಲಿಲ್ಲ. ಸರ್ಕಾರಿ ಆಸರೆ ಬೇಕೆಂದವರನ್ನು ಕ್ಯೋನಿಗ್‌ಸ್ಟೈನ್ ಸೂತ್ರದ ಪ್ರಕಾರ ರಾಜ್ಯಗಳಿಗೆ ಹಂಚುತ್ತಾರೆ: ಮೂರರಲ್ಲಿ ಎರಡು ಪಾಲು ತೆರಿಗೆ ವರಮಾನಕ್ಕೆ, ಒಂದು ಪಾಲು ಜನಸಂಖ್ಯೆಗೆ. ಈ ಸೂತ್ರ ಹುಟ್ಟಿದ್ದು 1949ರಲ್ಲಿ, ಸಂಶೋಧನಾ ಸಂಸ್ಥೆಗಳ ಖರ್ಚನ್ನು ರಾಜ್ಯಗಳು ಹಂಚಿಕೊಳ್ಳುವುದಕ್ಕೆ. ಪ್ರಯೋಗಾಲಯದ ಖರ್ಚು ಹಂಚಲು ಮಾಡಿದ ಲೆಕ್ಕದಲ್ಲಿ ಈಗ ಒಡೆಸ್ಸಾದ ಅಜ್ಜಿಯೊಬ್ಬರು ಯಾವ ರಾಜ್ಯಕ್ಕೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ. ಗಂಡ, ಹೆಂಡತಿ, ಸಣ್ಣ ಮಕ್ಕಳು ಬೇರೆ ಊರಲ್ಲಿದ್ದರೆ ಹಂಚಿಕೆಗೆ ಮುಂಚೆಯೇ ಕಾಗದ ಸಮೇತ ಹೇಳಬೇಕು. ಆಮೇಲೆ ಹೇಳಿದರೆ ಅದು ಊರು ಬದಲಾವಣೆಯ ಅರ್ಜಿಯಾಗುತ್ತದೆ, ಅದರ ಕಥೆಯೇ ಬೇರೆ. ಬರ್ಲಿನ್ನಿನಲ್ಲಿ ಆಗಮನ ಕೇಂದ್ರ ಮಾಡಿದ್ದು 2020ರಲ್ಲಿ ಮುಚ್ಚಿದ ಟೇಗೆಲ್ ವಿಮಾನ ನಿಲ್ದಾಣವನ್ನು. ಕೆಲವೇ ದಿನಗಳಿಗೆಂದು ಒಳಗೆ ಬಿಟ್ಟವರಲ್ಲಿ ವರ್ಷ ದಾಟಿದವರೂ ಇದ್ದರು. ವಿಮಾನವೂ ಹೊರಡಲಿಲ್ಲ, ಪ್ರಯಾಣಿಕರೂ ಹೊರಡಲಿಲ್ಲ.

ಈಗ ಬ್ರಸೆಲ್ಸ್‌ನಲ್ಲಿ ಕೂತ ಐರೋಪ್ಯ ಒಕ್ಕೂಟದ ಹೊಸ ಹಾಡು: ತಾತ್ಕಾಲಿಕ ರಕ್ಷಣೆ ಸಾಕು, ಕೆಲಸದ, ಓದಿನ ಪರವಾನಗಿಗೆ ಬದಲಾಯಿಸಿಕೊಳ್ಳಿ. ಬಹಳ ಸಂತೋಷ. ಖಾರ್ಕಿವ್‌ನ ಎಂಜಿನಿಯರ್ ಮತ್ತು ಬೆಂಗಳೂರಿನ ಎಂಜಿನಿಯರ್ ಮ್ಯೂನಿಕ್ಕಿನ ಒಂದೇ ಕಂಪನಿಯಲ್ಲಿ, ಒಂದೇ ಸಂಬಳಕ್ಕೆ ಸೇರಿದರು ಎಂದುಕೊಳ್ಳಿ. ಬೆಂಗಳೂರಿನವರಿಗೆ ಹೆಚ್ಚು ಓದಿದ ವಿದೇಶಿ ನೌಕರರಿಗೆಂದೇ ಇರುವ ಬ್ಲೂ ಕಾರ್ಡ್, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ ಕಾಯಂ ವಾಸ. ಖಾರ್ಕಿವ್‌ನವರಿಗೆ ಇಲ್ಲ! ತಾತ್ಕಾಲಿಕ ರಕ್ಷಣೆಯಲ್ಲಿ ಇರುವವರಿಗೆ ಬ್ಲೂ ಕಾರ್ಡ್ ಕೊಡುವ ಹಾಗಿಲ್ಲವೆಂದು 2021ರ ಒಕ್ಕೂಟದ ನಿರ್ದೇಶನವೇ ಹೇಳುತ್ತದೆ. ರಕ್ಷಣೆಯಿಂದ ಹೊರಗೆ ಹೋಗಿ ಎನ್ನುವವರೂ ಅವರೇ, ಬಾಗಿಲಿಗೆ ಚಿಲಕ ಹಾಕಿದವರೂ ಅವರೇ.

ತೆರೆದಿರುವುದು 18ಬಿ ಸೆಕ್ಷನ್ನಿನ ನುರಿತ ನೌಕರರ ಪರವಾನಗಿ. ಪದವಿಗೆ ಮಾನ್ಯತೆ ಇದೆಯೇ ಎಂದು ವಿದೇಶಿ ಪದವಿಗಳ ಸರ್ಕಾರಿ ಪಟ್ಟಿಯಾದ ಅನಾಬಿನ್ ದತ್ತಾಂಶದಲ್ಲಿ ನೋಡಬೇಕು, ವಿಶ್ವವಿದ್ಯಾಲಯವೂ ಇರಬೇಕು, ಪದವಿಯೂ ಇರಬೇಕು. ವಯಸ್ಸು 45 ದಾಟಿದ್ದರೆ ಸಂಬಳಕ್ಕೆ ಬೇರೆ ಮಿತಿ, ಇಲ್ಲವೇ ಪಿಂಚಣಿಯ ಪುರಾವೆ. ಪದವಿ ಪತ್ರದಲ್ಲಿರುವ ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದದಿದ್ದರೆ ಪ್ರಮಾಣಿತ ಅನುವಾದಕರಿಂದ ಟಿಪ್ಪಣಿ ಬರೆಸಿ. ಬದಲಾಯಿಸಿಕೊಂಡ ಮೇಲೆ ಕೆಲಸ ಹೋದರೆ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಲೇಬೇಕು.

ಉಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಕರ್ನಾಟಕದ ಮಕ್ಕಳಿಗೆ ಈ ತಲೆನೋವೂ ಸಿಗಲಿಲ್ಲ. ಅದೇ ಬಾಂಬು, ಅದೇ ಬಂಕರ್, ಅದೇ ಗಡಿ. ಆದರೆ ಭಾರತಕ್ಕೆ ಸುರಕ್ಷಿತವಾಗಿ ಮರಳಬಹುದಾದ್ದರಿಂದ 24ನೇ ಸೆಕ್ಷನ್ ಅವರಿಗಲ್ಲ.

ನಗುವುದಕ್ಕೂ ಒಂದು ಮಿತಿಯಿದೆ. ಈ ರಕ್ಷಣೆಯ ಕಾನೂನು 2001ರದು. 2015ರಲ್ಲಿ ಸಿರಿಯನ್ನರು ನಡೆದು ಬಂದಾಗಲೂ ಅದನ್ನು ಕಪಾಟಿನಿಂದ ತೆಗೆಯಲಿಲ್ಲ. ತೆಗೆದದ್ದು 2022ರ ಮಾರ್ಚ್ 4ರಂದು. ತೆಗೆದ ಮೇಲೆ ವರ್ಷ ವರ್ಷ ಎಳೆಯುತ್ತಲೇ ಇದ್ದಾರೆ. ಭಾಷೆ ಕಲಿಯಿರಿ, ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ ಎನ್ನುತ್ತಾರೆ. ಪೌರತ್ವ ಕೇಳಿದರೆ 24ನೇ ಸೆಕ್ಷನ್ನಿನ ಕಾರ್ಡು ಅದಕ್ಕೆ ಲೆಕ್ಕಕ್ಕಿಲ್ಲ. ಅದರ ಬದಲು ಆಶ್ರಯ ಕೋರಿ ಅರ್ಜಿ ಹಾಕೋಣವೆಂದರೆ, ರಕ್ಷಣೆ ಇರುವಷ್ಟು ಕಾಲ ಆ ಅರ್ಜಿಯ ಕಡತ ಬಿಚ್ಚುವುದೇ ಇಲ್ಲ.