ತೂಗುಮಣೆಗೊಂದು ಬುಷ್

ನಮ್ಮ ಹಾಲ್‌ನಲ್ಲಿರುವ ತೂಗುಮಣೆ ಕೂತರೆ ಕಿರ್ರ್ ಅನ್ನುತ್ತದೆ. ಮೇಲಿನ ಕೊಂಡಿಯೊಳಗಿನ ಹಿತ್ತಾಳೆ ಬುಷ್, ಅಂದರೆ ಪುಟ್ಟ ಕೊಳವೆ, ಸವೆದಿದೆ, ಅಷ್ಟೇ. ಕಾರ್ ಶೆಡ್ಡಿನಲ್ಲಿ ಲೋಹವನ್ನು ತಿರುಗಿಸಿ ಕತ್ತರಿಸುವ ಲೇಥ್ ಇಟ್ಟುಕೊಂಡ ಗಂಡನಿಗೆ ಇದು ಒಂದು ಗಂಟೆ ಕೆಲಸ ಅಂತ ಹೆಂಡತಿಯ ಲೆಕ್ಕ. ನಾನು ಮಾತ್ರ, "ಮೊದಲು ಡಿಆರ್‌ಒ ಹಾಕ್ತೀನಿ, ಆಮೇಲೆ ಬುಷ್" ಅಂದೆ.

ಡಿಆರ್‌ಒ ಅಂದರೆ ಡಿಜಿಟಲ್ ರೀಡ್‌ಔಟ್. ಹ್ಯಾಂಡಲ್ ಪಕ್ಕದ ಡಯಲ್ ಗೆರೆಗಳನ್ನು ಕಣ್ಣು ಕಿರಿದು ಮಾಡಿ ಎಣಿಸುವ ಬದಲು, ಕತ್ತರಿಸುವ ಟೂಲ್ ಹೊತ್ತ ಸ್ಲೈಡ್ ಎಷ್ಟು ಸರಿಯಿತು ಅಂತ 0.01 ಮಿಲಿಮೀಟರ್‌ವರೆಗೆ ಅಂಕಿಯಲ್ಲಿ ತೋರಿಸುತ್ತದೆ. ಸ್ಕ್ರೂನ ಬ್ಯಾಕ್‌ಲ್ಯಾಶ್ ಕಾಟವೂ ಇಲ್ಲ. ನನ್ನ ಲೇಥಿನಲ್ಲಿ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಕಾಲು ಸುತ್ತು ಸುಮ್ನೆ ತಿರುಗುತ್ತದೆ, ಸ್ಲೈಡ್ ಕದಲುವುದಿಲ್ಲ. ಬೆಳಗ್ಗೆ ಎಬ್ಬಿಸಿದ ಮಗನ ಥರ. ಊಂ ಅಂತಾನೆ, ಏಳಲ್ಲ.

ಸರಿದದ್ದನ್ನು ಅಳೆಯುವ ಗಾಜಿನ ಸ್ಕೇಲ್ ತರಿಸಲು ಜೇಬು ಒಪ್ಪಲಿಲ್ಲ. ಡಿಜಿಟಲ್ ವರ್ನಿಯರ್‌ನ ಅಣ್ಣನಂತಿರುವ, ಗುಂಡಿ ಬ್ಯಾಟರಿಯ ಎರಡು ಸ್ಕೇಲ್ ತರಿಸಿದೆ. ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡಿಗೆ.

ಭಾನುವಾರ ಕೆಲಸ ಶುರು. ಮಾವ ಕುರ್ಚಿ ಹಾಕಿಕೊಂಡು ಕೂತರು. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಲೇಥ್ ನಡೆಸುವ ಟರ್ನರ್ ಆಗಿದ್ದವರು. ಆ ಕಾರ್ಖಾನೆ ವಾಚ್‌ಗಿಂತ ಮೊದಲು ಲೇಥ್ ಮಾಡುತ್ತಿತ್ತು ಅಂತ, ಎಚ್‌ಎಂಟಿ ವಾಚ್ ಕಟ್ಟಿದ ಯಾರು ಸಿಕ್ಕರೂ ನಿಲ್ಲಿಸಿ ಹೇಳುತ್ತಾರೆ.

ಸ್ಕೇಲ್ ಕೂರಿಸಲು ಸ್ಲೈಡ್ ಹೊತ್ತ ಬೀಡಿನ ಸ್ಯಾಡಲ್‌ಗೆ 3.3 ಮಿಲಿಮೀಟರ್ ತೂತು ಕೊರೆದು, ಒಳಗೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ ಕೊರೆಯಲು ಎಂ4 ಟ್ಯಾಪ್ ಹಾಕಿದೆ. ಮೂರು ಸುತ್ತು ಸಲೀಸಾಗಿ ಹೋಯಿತು. ನಾಲ್ಕನೆಯದಕ್ಕೆ ಟಿಕ್!

"ಅರ್ಧ ಸುತ್ತು ಮುಂದೆ ಹೋದವರು ಕಾಲು ಸುತ್ತು ಹಿಂದೆ ಬರಬೇಕು ಅಳಿಯಂದಿರೇ, ಚೂರು ಮುರಿಯಕ್ಕೆ" ಅಂದರು ಮಾವ. ಟಿಕ್ ಆದ ಮೇಲೆ ಅಂದರು ಅನ್ನೋದೇ ನನ್ನ ದೂರು.

ಮುರಿದ ಟ್ಯಾಪ್ ಡ್ರಿಲ್ಲಿಗೆ ಬಗ್ಗುವುದಿಲ್ಲ. ಅದನ್ನು ಅಲ್ಲೇ ಬಿಟ್ಟು, ಎರಡು ಬೆರಳು ಪಕ್ಕಕ್ಕೆ ಹೊಸ ತೂತು ಹೊಡೆದೆ. ಸ್ಕೇಲ್ ಚೆಂದವಾಗಿ ಕೂತಿತು. ಡಯಲ್ ಗೇಜ್ ಇಟ್ಟು ನೇರ ಮಾಡಿದೆ. ಆಮೇಲೆ ಬುಷ್ಷಿಗೆ ತೂತು ಕೊರೆಯೋಣ ಅಂತ ಡ್ರಿಲ್ ಹಿಡಿಯುವ ಟೇಲ್ ಸ್ಟಾಕ್ ತಳ್ಳಿದರೆ ಢಣ್! ಹೊಸ ಜಾಗದ ಸ್ಕೇಲ್ ಅದರ ದಾರಿಗೇ ಅಡ್ಡ. ಬಿಚ್ಚಿದೆ, ತೂತು ಕೊರೆದೆ, ಮತ್ತೆ ಕೂರಿಸಿದೆ. ಮಾವ ಒಂದು ಎಲೆ ಅಡಿಕೆ ಮುಗಿಸಿ ಇನ್ನೊಂದಕ್ಕೆ ಸುಣ್ಣ ಹಚ್ಚಿದರು.

ಈಗ ಹೊರ ಅಳತೆ. ರಾಡ್ 22 ಮಿಲಿಮೀಟರ್, ಬೇಕಾದ್ದು 20. ತೆಗೆಯಬೇಕಾದ್ದು ಎರಡು. ಟೂಲ್ ತಾಗಿಸಿ ಸ್ಕೇಲ್ ಸೊನ್ನೆ ಮಾಡಿದೆ. ಅರ್ಧ ಅರ್ಧ ಮಿಲಿಮೀಟರ್‌ನಂತೆ ನಾಲ್ಕು ಸಲ ಕತ್ತರಿಸಿದೆ. ಪರದೆಯಲ್ಲಿ 2.00 ಬಂತು. ಅದರ ಫೋಟೊ ತೆಗೆದು ಮನೆಯವರ ಗ್ರೂಪಿಗೂ ಹಾಕಿದೆ.

ಮಾವ ಮೈಕ್ರೋಮೀಟರ್ ಹಿಡಿದು ನೋಡಿದರು. "ಹದಿನೆಂಟು."

ನನ್ನ ಲೇಥಿನ ಡಯಲ್ ವ್ಯಾಸದ ಲೆಕ್ಕ ತೋರಿಸುತ್ತದೆ. ಗೆರೆಯ ಮೇಲೆ ಎರಡು ಅಂದರೆ ಟೂಲ್ ಸರಿಯುವುದು ಒಂದೇ ಮಿಲಿಮೀಟರ್. ಹೊಸ ಸ್ಕೇಲಿಗೆ ಇದೆಲ್ಲ ಗೊತ್ತಿಲ್ಲ. ಸ್ಲೈಡ್ ಎರಡು ಸರಿದರೆ ಎರಡು ಅನ್ನುತ್ತದೆ. ರಾಡ್ ತಿರುಗುತ್ತಿರುತ್ತದಲ್ಲ, ಎರಡೂ ಬದಿಯಿಂದ ಹೋಗಿ ನಾಲ್ಕು ಮಿಲಿಮೀಟರ್ ಮಾಯ. ದೊಡ್ಡ ಡಿಆರ್‌ಒಗಳಲ್ಲಿ ತ್ರಿಜ್ಯವೋ ವ್ಯಾಸವೋ ಅಂತ ಆರಿಸಿಕೊಳ್ಳುವ ಗುಂಡಿ ಇರುತ್ತದೆ. ನನ್ನದರಲ್ಲಿ ಆ ಗುಂಡಿ ನಾನೇ.

ಗ್ರೂಪಿನಲ್ಲಿ ಅಷ್ಟರಲ್ಲಿ ಹನ್ನೊಂದು ಹೆಬ್ಬೆರಳು ಬಂದಿದ್ದವು.

ಇನ್ನೊಂದು ತುಂಡು ಹಿಡಿದೆ. ಅರ್ಧದಲ್ಲಿ ಅಂಕಿಗಳು ಮಿಣುಕಿ ಆರಿಹೋದವು. ಈ ಸ್ಕೇಲ್‌ಗಳು ಆಫ್ ಮಾಡಿದರೂ ಒಳಗೊಳಗೇ ಬ್ಯಾಟರಿ ಕುಡಿಯುತ್ತವೆ. ಮಗನ ಆಟಿಕೆಯಿಂದ ಕದ್ದ ಎಲ್‌ಆರ್‌44 ಹಾಕುವಷ್ಟರಲ್ಲಿ ಸೊನ್ನೆ ಎಲ್ಲಿತ್ತು ಅನ್ನೋದು ಸ್ಕೇಲಿಗೂ ನನಗೂ ಮರೆತುಹೋಗಿತ್ತು. ಅಂದಾಜಿನ ಮೇಲೆ ಕತ್ತರಿಸಿ ಆ ತುಂಡನ್ನೂ ಕೆಡಿಸಿದೆ. ಹಿತ್ತಾಳೆ ರಾಡ್ ಮುಗಿಯಿತು.

ತೂಗುಮಣೆ ಇವತ್ತಿಗೂ ಕಿರ್ರ್ ಅನ್ನುತ್ತಿದೆ. ಹದಿನೆಂಟರ ಬುಷ್ಷನ್ನು ಹೆಂಡತಿ ತೊಳೆದು ದೇವರ ಮನೆಯಲ್ಲಿ ಊದುಬತ್ತಿ ಸ್ಟ್ಯಾಂಡ್ ಮಾಡಿಕೊಂಡಿದ್ದಾಳೆ. ತೂತು ದೊಡ್ಡದು, ಬತ್ತಿ ವಾಲುತ್ತದೆ ಅಂತ ಒಳಗೆ ಅಕ್ಕಿ ತುಂಬಿದ್ದಾಳೆ.