ಸುಸು ಬಂದಲ್ಲೇ ಸಫಾರಿ

ಹಾಸನದಿಂದ ಮುತ್ತೋಡಿಗೆ ಎಷ್ಟು ಹೊತ್ತಿನ ದಾರಿ ಎಂದು ಫೋನನ್ನು ಕೇಳಿದರೆ ಅದೊಂದು ಲೆಕ್ಕ ಹೇಳುತ್ತದೆ. ಅದು ಮಕ್ಕಳಿಲ್ಲದವರ ಲೆಕ್ಕ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದವನೂ ಎಂಟು ವರ್ಷದವಳೂ ಕೂತಿದ್ದರೆ ಬೇಲೂರು ಬರುವಷ್ಟರಲ್ಲಿ ಒಬ್ಬರಿಗೆ ಹಸಿವು, ಚಿಕ್ಕಮಗಳೂರು ದಾಟಿ ತಿರುವುಗಳು ಶುರುವಾದರೆ ಇನ್ನೊಬ್ಬರಿಗೆ ವಾಂತಿ, ಉಳಿದ ಹೊತ್ತೆಲ್ಲ ಸುಸು. ಪೆಟ್ರೋಲ್ ಬಂಕಿನಲ್ಲಿ ಬೇಡಿಕೊಂಡರೂ 'ಬಂದಿಲ್ಲ' ಎಂದು ಹಟ ಹಿಡಿದವನಿಗೆ ಬಂಕು ಕಣ್ಮರೆಯಾದ ತಕ್ಷಣ ತಡೆಯಲಾರದಷ್ಟು ಬಂದಿರುತ್ತದೆ.

ದಸರಾ ರಜೆಯಲ್ಲಿ ನಾವು ಹೊರಟಿದ್ದು ಹುಲಿ ನೋಡಲಿಕ್ಕೆ. ಮುತ್ತೋಡಿ ಇರುವ ಭದ್ರಾ ಅಭಯಾರಣ್ಯ 1998ರಲ್ಲೇ ಹುಲಿ ಯೋಜನೆಗೆ ಸೇರಿದ್ದು. ಅಲ್ಲಿ ಹುಲಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ನಮಗೆ ಸಿಕ್ಕಿದ್ದು ಒಂದಷ್ಟು ಜಿಂಕೆಗಳ ಬೆನ್ನು, ಒಂದು ನವಿಲು, ಲೆಕ್ಕವಿಲ್ಲದಷ್ಟು ತೇಗದ ಮರ. ಸಫಾರಿ ಜೀಪಿನಲ್ಲಿ ಮಾತಾಡಬಾರದು, ಎದ್ದು ನಿಲ್ಲಬಾರದು, ಕೆಳಗಿಳಿಯಬಾರದು. ಅಂದರೆ ಮಕ್ಕಳಾಗಿರಬಾರದು. ಮಗ ಅದಕ್ಕೊಂದು ದಾರಿ ಕಂಡುಕೊಂಡ: ನಿದ್ದೆ ಹೋದ. ಟಿಕೆಟ್ ಕೊಟ್ಟವರ ಮುಂದೆ ಬಂದು ನಿಲ್ಲಲೇಬೇಕೆಂದು ಹುಲಿಗೇನೂ ಬರೆದಿಲ್ಲವಲ್ಲ.

ಕಾಡು ಕಂಡಿದ್ದು ವಾಪಸ್ ಬರುವಾಗ, ಮಲ್ಲಂದೂರಿನ ರಸ್ತೆಯಲ್ಲಿ. ತೋಟದ ಬೇಲಿಯ ಪಕ್ಕ ಮಗನನ್ನು ನಿಲ್ಲಿಸಿದ್ದೆ. ಅವನು ಕೆಲಸ ಬಿಟ್ಟು ಮೇಲೆ ನೋಡುತ್ತಿದ್ದ. ಅತ್ತಿಯ ಮರದಲ್ಲಿ ಒಂದು ಕೆಂದಳಿಲು, ಮೈಗಿಂತ ಉದ್ದದ ಬಾಲವನ್ನು ಕೆಳಗೆ ಇಳಿಬಿಟ್ಟು ತನ್ನ ಪಾಡಿಗೆ ಹಣ್ಣು ತಿನ್ನುತ್ತಿತ್ತು. ಅಷ್ಟರಲ್ಲಿ ಮಗಳು ಕಿರುಚಿದಳು. ಅವಳ ಶೂ ಮೇಲೆ ಇಂಬಳ, ರಕ್ತ ಹೀರುವ ಜಿಗಣೆ. ಊದುಬತ್ತಿಯ ಕಡ್ಡಿಯಷ್ಟು ಸಣ್ಣದು. ಹಿಂದಿನ ತುದಿಯನ್ನು ಅಂಟಿಸಿಕೊಂಡು ಎದ್ದು ನಿಂತು, ಬಿಸಿ ಯಾವ ಕಡೆಯಿಂದ ಬರುತ್ತಿದೆ ಎಂದು ತಲೆಯನ್ನು ಅತ್ತಿತ್ತ ಆಡಿಸಿತು. ಆಮೇಲೆ ತಲೆ ಊರಿ, ಹಿಂಭಾಗ ಎಳೆದುಕೊಂಡು, ಮತ್ತೆ ತಲೆ ಚಾಚಿ, ಲೇಸಿನ ತೂತಿನೊಳಗೆ ಇಳಿಯಿತು. ಕಿರುಚುತ್ತಿದ್ದವಳು ಬಗ್ಗಿ ನೋಡಲಿಕ್ಕೆ ಶುರು ಮಾಡಿದಳು. ಶೂ ಕಳಚುವಷ್ಟರಲ್ಲಿ ಇನ್ನೊಂದು ಕಾಲಲ್ಲಿ ಆಗಲೇ ಒಂದು ಕುಡಿದು ದ್ರಾಕ್ಷಿಯಾಗಿತ್ತು. ನಮ್ಮತ್ತೆ ಮಲೆನಾಡಿನವರು, ಗಾಬರಿಯಾಗಲಿಲ್ಲ. ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬೆರಳ ತುದಿಯಲ್ಲಿ ಮುಟ್ಟಿಸಿದರು. ಅದು ಮುದುಡಿ ಉದುರಿತು. ನೋವಿಲ್ಲ, ರಕ್ತ ಮಾತ್ರ ನಿಲ್ಲಲೊಲ್ಲದು. ಹೆಪ್ಪುಗಟ್ಟದಂತೆ ಮಾಡುವುದು ಅದರ ಎಂಜಲಿನ ಗುಣ. 'ನಂದೇ ರಕ್ತನಾ ಅಜ್ಜಿ ಅದರೊಳಗಿರೋದು?' ಎಂದು ಮಗಳು ಕೇಳಿದಳು. ಹೌದು ಅಂದಮೇಲೆ ಅದನ್ನು ಸಾಯಿಸಲು ಬಿಡಲಿಲ್ಲ.

ಮೂಡಿಗೆರೆ ದಾಟಿದ ಮೇಲೆ ವಾಂತಿಯ ಸರದಿ. ಹೆಂಡತಿ ಮಗನ ಬಾಯಿ ಒರೆಸುತ್ತಿದ್ದಳು. ಅವನು ಅವಳ ಭುಜದ ಮೇಲಿಂದ ನೋಡಿ, 'ಅಮ್ಮಾ, ಎಮ್ಮೆ ಸಾಕ್ಸ್ ಹಾಕ್ಕೊಂಡಿದೆ' ಅಂದ. ರಸ್ತೆ ಪಕ್ಕದ ಧರೆಯ ಮೇಲೆ, ಕಾಫಿ ಗಿಡಗಳ ನಡುವೆ ಕಾಟಿ, ಅಂದರೆ ಕಾಡುಕೋಣ. ಕಪ್ಪು ಮೈ, ಮಂಡಿಯವರೆಗೆ ಬಿಳಿ ಕಾಲು. ಬಲಿತ ಗಂಡು ಒಂದು ಟನ್ ತೂಗುವುದೂ ಉಂಟಂತೆ. ಇದರ ಹೆಗಲು ನೋಡಿದರೆ ನಂಬಬಹುದಿತ್ತು. ಹೆಂಡತಿ ಓಡಲಿಲ್ಲ. ಮಗನ ಅಂಗಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕಿ ಕಾರು ಸೇರಿದಳು. ಕಾಟಿ ಒಮ್ಮೆ ಬುಸ್ ಎಂದು ತೋಟದೊಳಕ್ಕೆ ತಿರುಗಿತು.

ಹಾನುಬಾಳಿನ ಆಚೆ ರಸ್ತೆ ಮಧ್ಯೆ ಆನೆ ಲದ್ದಿ. ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ, ಬೈನೆ ಮರದ ನಾರು ನಾರಾಗಿಯೇ ಕಾಣುತ್ತಿತ್ತು. ಮಕ್ಕಳಿಗೆ ಇಳಿದು ನೋಡುವ ಆಸೆ. ಕಿಟಕಿ ಇಳಿಸುವಷ್ಟರಲ್ಲಿ ತೋಟದ ಆಳು, ಲೆಕ್ಕ ನೋಡಿಕೊಳ್ಳುವ ರೈಟರ್ ಬೈಕಿನಲ್ಲಿ ಬಂದು ಬೈದೇಬಿಟ್ಟರು: 'ಇಲ್ಲೆಂತಕ್ಕೆ ನಿಲ್ಸಿದ್ದು ಮಾರಾಯ್ರೆ? ಲದ್ದಿ ಹಸಿ ಇದೆ ಕಾಣಲ್ವಾ? ಹೊರಡಿ, ಹೊರಡಿ.' ಆನೆಗಳು ಯಾವ ತೋಟದಲ್ಲಿವೆ ಎಂದು ಬೆಳಗ್ಗೆ ಫೋನಿನಲ್ಲಿ ಮೆಸೇಜ್ ನೋಡಿಕೊಂಡು ಆಳುಗಳನ್ನು ಕೆಲಸಕ್ಕೆ ಬಿಡುವ ಊರು ಅದು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯಲು ಬಂದು ಪ್ರಾಣ ಬಿಟ್ಟಿದ್ದೂ ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ. ಮಗಳಿಗೆ ಅದು ಗೊತ್ತಿತ್ತು. ಕಿಟಕಿಯನ್ನು ಅವಳೇ ಏರಿಸಿದಳು.

ಹೊಸದಾಗಿ ಮದುವೆಯಾದ ನನ್ನ ತಮ್ಮ ಮೊನ್ನೆ ಫೋನ್ ಮಾಡಿದ್ದ. 'ಮುತ್ತೋಡಿಗೆ ಹೋಗೋಣ ಅಂತಿದೀವಿ. ಬೆಳಗ್ಗೆ ಸಫಾರಿ ಒಳ್ಳೇದಾ, ಸಂಜೆದಾ ಅಣ್ಣಾ?'

'ಯಾವುದಕ್ಕಾದ್ರೂ ಹೋಗು, ಚಿಕ್ಕವನನ್ನ ಕರ್ಕೊಂಡು ಹೋಗು. ಚಡ್ಡಿ ನಾಲ್ಕು ಜಾಸ್ತಿ ಇಟ್ಟು ಕಳಿಸ್ತೀನಿ' ಅಂದೆ. ಅತ್ತಿಗೆಯನ್ನು ಕೇಳಿ ಹೇಳುತ್ತೇನೆ ಎಂದು ಫೋನಿಟ್ಟ. ಅವನ ಅತ್ತಿಗೆ ಆಗಲೇ ಚಡ್ಡಿ ಮಡಚುತ್ತಿದ್ದಳು.