ಸೌಂಡ್ ಏರಿಸ್ರಿ ಅನ್ನೋರಿಗೆ

ಕಲಬುರಗಿಯಲ್ಲಿ ತತ್ವಪದ, ಭಜನೆ ರೆಕಾರ್ಡ್ ಮಾಡಿಸೋಕೆ ಬರುವವರದು ಕಡೆಗೆ ಒಂದೇ ಮಾತು: "ಎಲ್ಲಾ ಛಲೋ ಆಗ್ಯಾದ್ರಿ, ಸೌಂಡ್ ಅಷ್ಟ ಏರಿಸ್ರಿ. ಆ ಇನ್ನೊಂದು ಚಾನೆಲ್‌ನವರ ಹಾಡು ಎಷ್ಟು ಜೋರ್ ಅದ ನೋಡ್ರಿ." ಏರಿಸೋದು ಕಷ್ಟದ ಕೆಲಸವೇನಲ್ಲ. ಮಾಸ್ಟರ್‌ನಲ್ಲಿ (ಹಾಡಿನ ಕಡೇ ಪ್ರತಿಯಲ್ಲಿ) ಇರುವ ಲಿಮಿಟರ್‌ಗೆ ಇನ್ನೂ 6 ಡಿಬಿ (ಡೆಸಿಬೆಲ್) ಗೇನ್, ಅಂದರೆ ಜೋರು, ಕೊಟ್ಟರೆ ಮುಗೀತು. ನಾನು ಕೊಡೋದಿಲ್ಲ. ಒಬ್ಬೊಬ್ಬರಿಗೂ ಕಾರಣ ಹೇಳಿ ಸಾಕಾಗಿದೆ, ಇಲ್ಲೇ ಬರೀತೀನಿ.

ಡಿಜಿಟಲ್ ಆಡಿಯೋದಲ್ಲಿ ಸೊನ್ನೆ ಡಿಬಿಯೇ ಮೇರೆ. ದಾಟಿದ ಅಲೆಯ ತುದಿ ಕತ್ತರಿಸಿ ಹೋಗಿ ಕರಕರ ಅನ್ನುತ್ತದೆ. ಲಿಮಿಟರ್ ಆ ತುದಿಗಳನ್ನು ಮೊದಲೇ ಕಂಡುಹಿಡಿದು ತಗ್ಗಿಸುತ್ತದೆ. ತುದಿ ತಗ್ಗಿದಷ್ಟೂ ಉಳಿದ ಹಾಡನ್ನು ಮೇಲೆತ್ತಬಹುದು. ಎರಡು ಮೂರು ಡಿಬಿವರೆಗೆ ಸಾಮಾನ್ಯವಾಗಿ ಕಿವಿಗೆ ಗೊತ್ತೇ ಆಗೋದಿಲ್ಲ. ಅದರಾಚೆಗೆ ಹೋದರೆ ದಮ್ಮಡಿಯ ಒಂದೊಂದು ಏಟಿಗೂ ಇಡೀ ಹಾಡು ಒತ್ತಿಕೊಳ್ಳುತ್ತದೆ, ಏಟಿನ ಜೊತೆ ಏಕತಾರಿಯೂ ಹಾಡುವವರ ದನಿಯೂ ಕುಗ್ಗಿ ಮತ್ತೆ ಏಳುತ್ತವೆ. ರಿಲೀಸ್ (ತಗ್ಗಿಸಿದ್ದನ್ನು ಲಿಮಿಟರ್ ಮತ್ತೆ ಬಿಟ್ಟುಕೊಡುವ ವೇಗ) ನಿಧಾನ ಇಟ್ಟರೆ ಈ ಏಳುಬೀಳು ಕೇಳುತ್ತದೆ. ತೀರಾ ಚುರುಕು ಮಾಡಿದರೆ ಡಗ್ಗಾದ ದನಿ ಒಡೆಯುತ್ತದೆ. ಕಡಕೋಳ ಮಡಿವಾಳಪ್ಪನವರ ಪದ ಹಾಡುವಾಗ ನಮ್ಮ ಹಿರಿಯರು ಒಂದು ಸಾಲು ಮೆಲ್ಲಗೆ ಅಂದು ಮುಂದಿನದಕ್ಕೆ ದನಿ ಎತ್ತುತ್ತಾರಲ್ಲ, ಆ ಎತ್ತರವೇ ಉಳಿಯೋದಿಲ್ಲ. ಮೆಲ್ಲಗೆ ಅಂದದ್ದೂ ಜೋರು, ಎತ್ತಿ ಅಂದದ್ದೂ ಅಷ್ಟೇ ಜೋರು.

ಇಷ್ಟು ಕಳಕೊಂಡು ಸಿಗೋದಾದರೂ ಏನು? ಇಡೀ ಹಾಡು ಕಿವಿಗೆ ಎಷ್ಟು ಜೋರು ಅನ್ನೋದನ್ನು ಎಲ್‌ಯುಎಫ್‌ಎಸ್‌ನಲ್ಲಿ ಅಳೀತಾರೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು. ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ಯೂಟ್ಯೂಬ್ ತಾನೇ ಇಳಿಸಿ ನುಡಿಸುತ್ತದೆ. ಮೈನಸ್ 8ಕ್ಕೆ ಒತ್ತಿದ ಹಾಡು 6 ಡಿಬಿ ಇಳಿದು, ಒತ್ತದ ಹಾಡಿನ ಪಕ್ಕಕ್ಕೇ ಬಂದು ಕೂಡುತ್ತದೆ, ಏಟಿನ ಗಡಸು ಮಾತ್ರ ಹೋಗಿರುತ್ತದೆ. ನಂಬಿಕೆ ಬರದಿದ್ದರೆ ಕಂಪ್ಯೂಟರಿನಲ್ಲಿ ಆ ಚಾನೆಲ್‌ನ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದು 'ಕಂಟೆಂಟ್ ಲೌಡ್‌ನೆಸ್' ನೋಡಿ. 6 ಡಿಬಿ ಅಂತಿದ್ದರೆ ಅಷ್ಟು ಇಳಿಸಿದ್ದಾರೆ ಅಂತಲೇ ಅರ್ಥ. ಸ್ಪಾಟಿಫೈ ಕೂಡ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14ಕ್ಕೇ ಹೊಂದಿಸುತ್ತದೆ. ಹಾಗಂತ ಮೈನಸ್ 20ರಲ್ಲಿ ಬಿಟ್ಟರೂ ನಡೆಯೋದಿಲ್ಲ, ಮೆಲ್ಲಗಿರೋದನ್ನು ಯೂಟ್ಯೂಬ್ ಹಾಗೆ ಮೇಲೆತ್ತೋದಿಲ್ಲ.

ಹಾಡು ತುಂಬಿ ಕೇಳಬೇಕಾದರೆ ಕೆಲಸ ಮಿಕ್ಸ್‌ನಲ್ಲಿದೆ, ಅಂದರೆ ದನಿ, ವಾದ್ಯ ಬೆರೆಸೋ ಹಂತದಲ್ಲಿ. ದನಿಯ ಟ್ರ್ಯಾಕಿನಲ್ಲಿ 80 ಹರ್ಟ್ಸ್ ಕೆಳಗಿನ ಗುಂಯ್‌ಗುಡುವಿಕೆ ತೆಗೀಬೇಕು (ನಮ್ಮ ಬ್ಯಾಸಗಿಯಲ್ಲಿ ಫ್ಯಾನ್ ಬಂದ್ ಮಾಡ್ರಿ ಅಂದರೆ ಹಾಡೋರು ಎದ್ದೇ ಹೋಗ್ತಾರೆ). ಡಗ್ಗಾ ಇದ್ದಲ್ಲೇ ಕೀಬೋರ್ಡಿನ ಬೇಸ್ ಬಂದು ಕೂತರೆ ಎರಡರಲ್ಲಿ ಒಂದನ್ನು ಸರಿಸಬೇಕು. ದನಿಗೆ ಅಲ್ಲೇ ಒಂದು ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸೋದು), ಎರಡು ಮೂರು ಡಿಬಿ. ಇಷ್ಟಾದ ಮೇಲೆ ಲಿಮಿಟರ್‌ಗೆ ಕೆಲಸ ಕಡಿಮೆ. ಅದರ ಸೀಲಿಂಗ್ (ದಾಟಬಾರದ ಮೇರೆ) ಮೈನಸ್ 1 ಡಿಬಿ ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಇಡ್ತೀನಿ, ಯಾಕಂದರೆ ಎಂಪಿ3 ಆದಾಗ ತುದಿಗಳು ಮತ್ತೆ ಸ್ವಲ್ಪ ಏಳುತ್ತವೆ.

ಜಾತ್ರೆಯಲ್ಲಿ ಟೆಂಪೋ ಮೇಲಿನ ಸ್ಪೀಕರ್‌ಗೆ ಪೆನ್‌ಡ್ರೈವ್ ಹಾಕಿ ನುಡಿಸುವವರ ಮಾತು ಬೇರೆ. ಅಲ್ಲಿ ಯಾರೂ ಮಟ್ಟ ಸಮ ಮಾಡೋದಿಲ್ಲ, ಮೊದಲನೇ ಹಾಡಿಗಿಂತ ಎರಡನೇದು ಮೆತ್ತಗಾದರೆ ಡಿಜೆ ಹುಡುಗ ಬೈತಾನೆ, ಅದು ನ್ಯಾಯವೇ. ಅವರಿಗೆ ಮೈನಸ್ 10ರ ಹತ್ತಿರ ಇನ್ನೊಂದು ಮಾಸ್ಟರ್ ಮಾಡಿಕೊಡ್ತೀನಿ.

ಇನ್ನು ಮೇಲೆ ಹೋಲಿಸಿ ತೋರಿಸೋರು ವಾಟ್ಸಾಪ್ ಫೈಲ್ ಬಿಟ್ಟು (ಅದರ ಮಟ್ಟ ಯಾರೂ ಇಳಿಸಿರೋದಿಲ್ಲ) ಯೂಟ್ಯೂಬ್ ಲಿಂಕ್ ತರ್ರಿ. ಎರಡೂ ಮಾಸ್ಟರ್ ಬೇಕಂದರೆ ಮೊದಲೇ ಹೇಳ್ರಿ, ರೊಕ್ಕ ಅಷ್ಟೇ, ಹೆಚ್ಚಿಗೆ ಇಲ್ಲ.